ಗ್ರಾಹಕನ ದೂರು, ವ್ಯಾಪಾರಿಯ ಪ್ರಾಯಶ್ಚಿತ್ತ

2018ರ ಆಗಸ್ಟ್ 9ರಂದು ನಮ್ಮ ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಸ್ವೀಡನ್ ಮೂಲದ ಐಕಿಯಾ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದಾಗ ಸೇರಿದ ಜನಜಾತ್ರೆಯನ್ನು ಈ ಊರಿನ ಕನ್ನಡಿಗರು ಮರೆತಿರಲಾರರು. ಪೀಠೋಪಕರಣಗಳ ಆ ಮಳಿಗೆಯೊಳಗೆ ಸುಮಾರು ಸಾವಿರ ಜನ ಏಕಕಾಲಕ್ಕೆ ಕುಳಿತು ಉಣ್ಣಬಹುದಾದ ಉಪಾಹಾರ ಗೃಹವೂ ಇತ್ತು. ಮೇಜು ಕುರ್ಚಿ ಕೊಳ್ಳುವ ಉದ್ದೇಶವಿಲ್ಲದವರೂ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿಯ ತಿಂಡಿಯ ರುಚಿ ನೋಡಿ ಬಂದರು. ಮಳಿಗೆ ತೆರೆದು ಒಂದು ತಿಂಗಳು ತುಂಬುವ ಮೊದಲೇ, ಆಗಸ್ಟ್ ತಿಂಗಳ ಕೊನೆಯಲ್ಲಿ, ಅಲ್ಲಿ ಊಟಕ್ಕೆ ಕುಳಿತ ಗ್ರಾಹಕರೊಬ್ಬರಿಗೆ ತರಕಾರಿ ಬಿರಿಯಾನಿಯಲ್ಲಿ ಹುಳುವೊಂದು ಕಾಣಿಸಿತು. ಅವರು ಅದರ ಚಿತ್ರ ತೆಗೆದು ಸಾರ್ವಜನಿಕವಾಗಿಯೇ ದೂರಿದರು.

ಮುಂದಿನ ಘಟನೆಗಳು ಬೇಗಬೇಗನೆ ನಡೆದವು. ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯ ಅಧಿಕಾರಿಗಳು ಮಳಿಗೆಗೆ ಬಂದು ತಪಾಸಣೆ ನಡೆಸಿದರು, ಆಹಾರದ ಮಾದರಿಗಳನ್ನು ಪರೀಕ್ಷೆಗೆ ಒಯ್ದರು, 11,500 ರೂಪಾಯಿ ದಂಡವನ್ನು ವಿಧಿಸಿದರು. ಸಂಸ್ಥೆಯು ಗ್ರಾಹಕರ ಕ್ಷಮೆ ಕೋರಿ, ತನಿಖೆ ನಡೆಸಿ ಸರಿಪಡಿಸುವುದಾಗಿ ಹೇಳಿಕೆ ನೀಡಿತು. ಅನಂತರ ತಾನಾಗಿಯೇ ತರಕಾರಿ ಬಿರಿಯಾನಿ ಮತ್ತು ಸಮೋಸಾಗಳ ಮಾರಾಟವನ್ನು ತಡೆಹಿಡಿಯಿತು.

ವೃತ್ತಪತ್ರಿಕೆಗಳಲ್ಲಿ ಈ ಸುದ್ದಿ ನಾಲ್ಕಾರು ದಿನ ಓಡಾಡಿ ಮರೆಯಾಯಿತು. ಆದರೆ ದಿನನಿತ್ಯ ಅಂಗಡಿ, ಹೋಟೆಲು, ಬ್ಯಾಂಕು, ಆಸ್ಪತ್ರೆಗಳೊಡನೆ ವ್ಯವಹರಿಸುವ ನಮ್ಮಂಥ ಸಂಸಾರಸ್ಥರಿಗೆ ಇದರಲ್ಲಿ ಒಂದು ಪಾಠವಿದೆಯೆಂದು ನಮಗೆ ತೋರುತ್ತದೆ. ಗ್ರಾಹಕನು ದೂರು ಕೊಟ್ಟ ಮೇಲೆ ವ್ಯಾಪಾರಿಯು ಮಾಡಬೇಕಾದದ್ದೇನು? ಯಾವುದನ್ನು ಮಾಡಿದರೆ ತಪ್ಪು ತೀರಿತೆಂದು ನಾವು ಒಪ್ಪಬಹುದು? ಈ ಲೇಖನದಲ್ಲಿ ಅದನ್ನು ವಿವರಿಸಲು ಪ್ರಯತ್ನಿಸಿದ್ದೇವೆ.

ದಂಡ ಬೇರೆ, ಪರಿಹಾರ ಬೇರೆ, ತಿದ್ದುಪಡಿ ಬೇರೆ

ಮೇಲಿನ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡೋಣ. ಪಾಲಿಕೆ ವಿಧಿಸಿದ 11,500 ರೂಪಾಯಿ ಯಾರಿಗೆ ಸೇರುವಂಥದು? ಪಾಲಿಕೆಯ ಬೊಕ್ಕಸಕ್ಕೆ. ತಟ್ಟೆಯಲ್ಲಿ ಹುಳು ಕಂಡವರಿಗೆ ಅದರಲ್ಲಿ ಒಂದು ಪೈಸೆಯೂ ಸಲ್ಲುವುದಿಲ್ಲ. ದಂಡವೆಂಬುದು ನಿಯಮ ಮುರಿದವನಿಗೂ ನಿಯಮ ಮಾಡಿದ ಆಡಳಿತಕ್ಕೂ ನಡುವಿನ ಲೆಕ್ಕ. ಇನ್ನು ಸಂಸ್ಥೆ ಕೋರಿದ ಕ್ಷಮೆ ಯಾರಿಗೆ? ನೊಂದ ಗ್ರಾಹಕರಿಗೆ. ಎರಡು ಪದಾರ್ಥಗಳ ಮಾರಾಟವನ್ನು ನಿಲ್ಲಿಸಿದ್ದು ಯಾರಿಗಾಗಿ? ನಾಳೆ ಅದೇ ಮೇಜಿನ ಮುಂದೆ ಬಂದು ಕೂರಲಿರುವ, ಹೆಸರು ಗೊತ್ತಿಲ್ಲದ ಸಾವಿರಾರು ಜನರಿಗಾಗಿ.

ಹೀಗೆ ಒಂದು ದೂರಿನಿಂದ ವ್ಯಾಪಾರಿಯ ತಲೆಯ ಮೇಲೆ ಮೂರು ಋಣಗಳು ಬೀಳುತ್ತವೆ. ಮೊದಲನೆಯದು ಆಡಳಿತದ ಋಣ. ಅದು ದಂಡದಿಂದ ತೀರುತ್ತದೆ. ಎರಡನೆಯದು ನೊಂದವನ ಋಣ. ಕ್ಷಮಾಪಣೆ, ಹಣದ ಮರುಪಾವತಿ, ಬದಲಿ ವಸ್ತು ಅಥವಾ ನಷ್ಟ ಪರಿಹಾರದಿಂದ ಅದು ತೀರುತ್ತದೆ. ಮೂರನೆಯದು ಉಳಿದ ಎಲ್ಲ ಗ್ರಾಹಕರ ಋಣ. ತಪ್ಪು ಹುಟ್ಟಿದ ಜಾಗವನ್ನು ಹುಡುಕಿ ಸರಿಪಡಿಸಿದಾಗ ಮಾತ್ರ ಅದು ತೀರುತ್ತದೆ.

ನಾವು ಸಾಮಾನ್ಯವಾಗಿ ಈ ಮೂರನ್ನೂ ಒಂದೇ ಎಂದು ತಿಳಿಯುತ್ತೇವೆ. ದಂಡ ಬಿದ್ದರೆ “ಸರಿಯಾಯಿತು” ಎಂದು ಸಂತೋಷಪಡುತ್ತೇವೆ. ನಮ್ಮ ಹಣ ನಮ್ಮ ಕೈಗೆ ಬಂದರೆ “ಇನ್ನು ನಮಗೇಕೆ” ಎಂದು ಎದ್ದು ಬರುತ್ತೇವೆ. ದಂಡ ಕಟ್ಟಿದವನು ಅದನ್ನು ಖರ್ಚಿನ ಬಾಬಿನಲ್ಲಿ ಬರೆದುಕೊಂಡು ಮೊದಲಿನಂತೆಯೇ ನಡೆಯಬಹುದು. ದೂರಿದವನ ಬಾಯಿಗಷ್ಟೇ ಸಿಹಿ ಹಾಕಿ ಕಳುಹಿಸಿದವನೂ ಹಾಗೆಯೇ ನಡೆಯಬಹುದು. ಆದ್ದರಿಂದ ವ್ಯಾಪಾರಿಯು ನಿಜವಾಗಿ ಪ್ರಾಯಶ್ಚಿತ್ತ ಮಾಡಿಕೊಂಡನೇ ಎಂಬುದಕ್ಕೆ ಒರೆಗಲ್ಲು ಮೂರನೆಯ ಋಣವೇ.

ಒಂದು ಚಾಕೊಲೇಟಿನ ಕಥೆ

ಈ ಮೂರನೆಯ ಋಣವನ್ನು ತೀರಿಸುವುದು ಎಷ್ಟು ಕಷ್ಟ, ತೀರಿಸಿದರೆ ಫಲವೇನು ಎಂಬುದಕ್ಕೆ ನಮ್ಮ ದೇಶದಲ್ಲಿ ಬಹಳ ಹೆಸರಾದ ಉದಾಹರಣೆ 2003ರದು. ಆ ವರ್ಷದ ಅಕ್ಟೋಬರಿನಲ್ಲಿ, ದೀಪಾವಳಿಯ ಹೊಸ್ತಿಲಲ್ಲಿ, ಮುಂಬಯಿಯಲ್ಲಿ ಕ್ಯಾಡ್ಬರಿ ಡೈರಿ ಮಿಲ್ಕ್ ಚಾಕೊಲೇಟುಗಳಲ್ಲಿ ಹುಳುಗಳಿವೆಯೆಂಬ ದೂರುಗಳು ಬಂದವು. ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ದಾಸ್ತಾನನ್ನು ವಶಪಡಿಸಿಕೊಂಡಿತು.

ಕಂಪನಿಯ ಮೊದಲ ಉತ್ತರ ನಮಗೆಲ್ಲ ಪರಿಚಿತವಾದದ್ದೇ. ತಯಾರಿಕೆಯಲ್ಲಿ ದೋಷವಿಲ್ಲ, ಅಂಗಡಿಗಳಲ್ಲಿ ಸರಿಯಾಗಿ ಇಡದಿರುವುದರಿಂದ ಹೀಗಾಗಿದೆ ಎಂದು ಅದು ವಾದಿಸಿತು. ಹಾಗಾದರೆ ಹುಳು ಒಳಗೆ ಹೋಗುವಂತೆ ಪೊಟ್ಟಣ ಕಟ್ಟಿದವರು ಯಾರು ಎಂಬ ಪ್ರಶ್ನೆ ಉಳಿಯಿತು. ತಪ್ಪು ಕಾರ್ಖಾನೆಯದೋ ಅಂಗಡಿಯದೋ ಎಂಬ ಚರ್ಚೆ ಮಗುವಿನ ಕೈಗೆ ಚಾಕೊಲೇಟು ಕೊಡುವ ತಾಯಿಗೆ ಬೇಕಾಗಿರಲಿಲ್ಲ. ಹಬ್ಬದ ಕಾಲದಲ್ಲಿಯೇ ಮಾರಾಟ ಬಿದ್ದುಹೋಯಿತು.

ಆಮೇಲೆ ಕಂಪನಿ ದಾರಿ ಬದಲಿಸಿತು. “ವಿಶ್ವಾಸ್” ಎಂಬ ಹೆಸರಿನ ಕಾರ್ಯಕ್ರಮವನ್ನು ಆರಂಭಿಸಿ, ಚಾಕೊಲೇಟನ್ನು ಅಂಗಡಿಗಳಲ್ಲಿ ಹೇಗೆ ಇಡಬೇಕೆಂದು ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಹೇಳಿತು. 2004ರ ಆರಂಭದಲ್ಲಿ ಹೊಸ ಪೊಟ್ಟಣವನ್ನು ತಂದಿತು. ಮೊದಲು ಸಡಿಲವಾಗಿ ಸುತ್ತುತ್ತಿದ್ದ ತಗಡಿನ ಕಾಗದದ ಬದಲು ಬಿಸಿಯಿಂದ ಬೆಸೆದು ಮುಚ್ಚಿದ ಹೊದಿಕೆ ಬಂದಿತು. ಪೊಟ್ಟಣದ ಖರ್ಚು ಹೆಚ್ಚಿದರೂ ಅದನ್ನು ಗ್ರಾಹಕರ ಮೇಲೆ ಹೊರಿಸಲಿಲ್ಲ. ಇಷ್ಟಾದ ಮೇಲೆ ಅಮಿತಾಭ್ ಬಚ್ಚನ್ ಅವರನ್ನು ಜಾಹೀರಾತಿಗೆ ಕರೆತಂದು, ಏನು ಬದಲಾಗಿದೆಯೆಂದು ಜನರಿಗೆ ಹೇಳಿಸಿತು. ಮುಂದಿನ ತಿಂಗಳುಗಳಲ್ಲಿ ಮಾರಾಟ ಚೇತರಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಕಾರ್ಯಗಳ ಕ್ರಮವನ್ನು. ಹೊಸ ಪೊಟ್ಟಣವಿಲ್ಲದೆ ಹೆಸರಾಂತ ನಟನೊಬ್ಬ ಬಂದು “ನಂಬಿ” ಎಂದಿದ್ದರೆ ಜನ ನಂಬುತ್ತಿದ್ದರೋ ಇಲ್ಲವೋ. ಮೊದಲು ತಪ್ಪಿನ ಜಾಗ ಸರಿಯಾಯಿತು, ಬಳಿಕ ಮಾತು ಬಂತು. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆ ವ್ಯಾಪಾರದ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಒಡೆದ ಮೇಲೆಯೂ ಮತ್ತೆ ಚಕ್ರದ ಮುಂದೆ ಕುಳಿತು ಮಣ್ಣು ಕಲಸುವ ಕುಂಬಾರನೇ ಉಳಿಯುವವನು.

ನಮ್ಮ ಮನೆಯ ಒಂದು ಪ್ರಸಂಗ

ದೊಡ್ಡ ಕಂಪನಿಗಳಿಗೆ ಹಣವಿದೆ, ನಟರಿದ್ದಾರೆ. ಬೀದಿ ಮೂಲೆಯ ಸಣ್ಣ ಅಂಗಡಿಯವನು ಏನು ಮಾಡಿಯಾನು ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರವಾಗಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಗೌರಿ ಗಣೇಶ ಹಬ್ಬಕ್ಕೆಂದು, ಈ ಊರಿನಲ್ಲಿ ನೆಲೆಸಿದ ನಮ್ಮ ಕಡೆಯವರೇ ನಡೆಸುವ ಕುರುಕಲು ತಿಂಡಿಯ ಅಂಗಡಿಯೊಂದರಿಂದ ಎರಡು ಕಿಲೋ ಚಕ್ಕುಲಿ ಮತ್ತು ಕೋಡುಬಳೆ ತರಿಸಿದ್ದೆವು. ವರ್ಷಗಳಿಂದ ನಂಬಿದ ಅಂಗಡಿ. ಪೊಟ್ಟಣ ಬಿಚ್ಚಿದಾಗ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಮನೆಯಲ್ಲಿ ಚರ್ಚೆಯಾಯಿತು. ಹಬ್ಬದ ದಿನ ಜಗಳವೇಕೆ, ಅವರೂ ನಮ್ಮವರೇ, ಕೆಲಸದವರಿಗೆ ಕೊಡೋಣವೆಂದರೆ ಅದೂ ಪಾಪ, ಕಸಕ್ಕೆ ಹಾಕಿ ಮುಂದಿನ ಬಾರಿ ಬೇರೆ ಕಡೆ ತರೋಣ ಎಂಬ ತೀರ್ಮಾನಕ್ಕೆ ಬಂದೆವು. ಮನೆಯಲ್ಲಿದ್ದ ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ. “ನಮ್ಮ ಮನೆಯಲ್ಲಿ ಮೂಸಿ ನೋಡುವವರಿದ್ದರು, ಉಳಿಯಿತು. ಬೇರೆ ಮನೆಯಲ್ಲಿ ಮೂಗು ಹತ್ತಿದ ಮುದುಕರೋ ಮಕ್ಕಳೋ ತಿಂದರೆ?” ಎಂದರು. ಆ ಮಾತಿಗೆ ಉತ್ತರವಿರಲಿಲ್ಲ. ಪೊಟ್ಟಣವನ್ನೂ ಬಿಲ್ಲನ್ನೂ ಹಿಡಿದು ಅಂಗಡಿಗೆ ಹೋದೆವು.

ಅಂಗಡಿಯ ಯಜಮಾನರು ವಾದಿಸಲಿಲ್ಲ. ಒಂದು ಚಕ್ಕುಲಿ ಮುರಿದು ಮೂಸಿ, ಬಾಯಿಗೆ ಹಾಕಿಕೊಂಡು ನೋಡಿ, ಸುಮ್ಮನೆ ನಿಂತರು. ಹಣ ಹಿಂದಿರುಗಿಸಲು ಗಲ್ಲಾಪೆಟ್ಟಿಗೆ ತೆರೆದರು. ಆಮೇಲೆ ನಾವು ನಿರೀಕ್ಷಿಸದ ಒಂದು ಕೆಲಸ ಮಾಡಿದರು. ಆರ್ಡರು ಬರೆಯುವ ಪುಸ್ತಕ ತೆಗೆದು, ಅದೇ ದಿನದ ಬಾಣಲೆಯ ಸರಕು ಹೋಗಿದ್ದ ಇನ್ನೂ ನಾಲ್ಕು ಮನೆಗಳಿಗೆ ನಮ್ಮೆದುರೇ ದೂರವಾಣಿ ಮಾಡಿ, “ತಿನ್ನಬೇಡಿ, ಹುಡುಗನ ಕೈಯಲ್ಲಿ ಬೇರೆ ಕಳುಹಿಸುತ್ತೇನೆ” ಎಂದರು. ಆ ನಾಲ್ವರಲ್ಲಿ ಇಬ್ಬರು ವಾಸನೆಯನ್ನು ಆಗಲೇ ಕಂಡುಕೊಂಡಿದ್ದರಂತೆ, ಒಬ್ಬರೂ ಹೇಳಿರಲಿಲ್ಲ.

“ಸ್ವಾಮಿ, ನೀವು ಬರದೆ ಹೋಗಿದ್ದರೆ ಅವರಿಬ್ಬರೂ ನನ್ನ ಅಂಗಡಿ ಮೆಟ್ಟಿಲು ಹತ್ತುವುದನ್ನು ಬಿಡುತ್ತಿದ್ದರು. ಏಕೆಂದು ನನಗೆ ತಿಳಿಯುತ್ತಲೂ ಇರಲಿಲ್ಲ” ಎಂದು ಯಜಮಾನರು ಹೇಳಿದ ಮಾತು ಇಂದಿಗೂ ನೆನಪಿದೆ. ಹಬ್ಬದ ಆರ್ಡರುಗಳು ಹೆಚ್ಚಾದಾಗ, ಕರಿದ ಎಣ್ಣೆಯನ್ನೇ ಮತ್ತೆ ಬಳಸಿದ್ದು ಅಡುಗೆಮನೆಯಲ್ಲಿ ನಡೆದ ತಪ್ಪು. ಆ ಮೇಲೆ ಅವರು ಹಬ್ಬದ ಆರ್ಡರುಗಳಿಗೆ ಒಂದು ಮಿತಿ ಹಾಕಿಕೊಂಡರು. “ಇಷ್ಟೇ ಸಾಧ್ಯ, ಇದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ” ಎಂದು ಹೇಳಿ ಗಿರಾಕಿಗಳನ್ನು ಹಿಂದೆ ಕಳುಹಿಸಿದ್ದನ್ನೂ ನಾವು ಕಂಡಿದ್ದೇವೆ. ಅದು ಅವರಿಗೆ ನಷ್ಟವೇ. ಆದರೆ ಇಂದಿಗೂ ನಮ್ಮ ಮನೆಯ ಹಬ್ಬದ ತಿಂಡಿ ಅಲ್ಲಿಂದಲೇ ಬರುತ್ತದೆ.

ಮೂರು ಋಣಗಳ ಲೆಕ್ಕದಲ್ಲಿ ನೋಡಿದರೆ, ಇಲ್ಲಿ ದಂಡವೇ ಇರಲಿಲ್ಲ. ನಮಗೆ ಸಲ್ಲಬೇಕಾದ ಪರಿಹಾರ ಕೆಲವು ನೂರು ರೂಪಾಯಿಗಳು ಮಾತ್ರ. ಆದರೆ ಆ ನಾಲ್ಕು ದೂರವಾಣಿ ಕರೆಗಳು ಮತ್ತು ಆ ಮಿತಿ, ಇವೇ ನಿಜವಾದ ಪ್ರಾಯಶ್ಚಿತ್ತ. ಅದಕ್ಕೆ ದೊಡ್ಡ ಬಂಡವಾಳವೂ ಬೇಕಾಗಿರಲಿಲ್ಲ.

ಕಾನೂನು ಹೇಳುವುದೂ ಇದನ್ನೇ

ಆ ಯಜಮಾನರು ಕಾನೂನು ಓದಿ ಹಾಗೆ ನಡೆದವರಲ್ಲ. ಆದರೂ ಅವರು ಮಾಡಿದ್ದು ಕಾನೂನಿನ ಆಶಯಕ್ಕೆ ಹತ್ತಿರವಾದದ್ದೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೆಯ ಕಲಮು, ತಾನು ತಯಾರಿಸಿದ ಅಥವಾ ಹಂಚಿದ ಆಹಾರ ನಿಯಮಗಳಿಗೆ ಅನುಗುಣವಾಗಿಲ್ಲವೆಂದು ವ್ಯಾಪಾರಿಗೆ ಕಂಡುಬಂದರೆ ಅದನ್ನು ಮಾರುಕಟ್ಟೆಯಿಂದಲೂ ಗ್ರಾಹಕರಿಂದಲೂ ಹಿಂತೆಗೆದುಕೊಳ್ಳುವ ಕ್ರಮವನ್ನು ಕೂಡಲೇ ಆರಂಭಿಸಬೇಕೆಂದು ಹೇಳುತ್ತದೆ. ಅದೇ ಕಾಯ್ದೆಯ 40ನೆಯ ಕಲಮಿನಂತೆ, ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕನಿಗೂ ಇದೆ.

ಎಲ್ಲ ಬಗೆಯ ಸರಕು, ಸೇವೆಗಳಿಗೆ ಅನ್ವಯಿಸುವುದು ಗ್ರಾಹಕರ ಸಂರಕ್ಷಣಾ ಕಾಯ್ದೆ. ಮೊದಲ ಕಾಯ್ದೆ 1986ರದು; ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆತ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸಲಾಗುತ್ತದೆ. ಅದರ ಬದಲು ಬಂದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ನಾವು ಹಿಂದೆ ಜಿಲ್ಲಾ ಗ್ರಾಹಕರ ವೇದಿಕೆ ಎನ್ನುತ್ತಿದ್ದುದು ಈಗ ಜಿಲ್ಲಾ ಆಯೋಗವಾಗಿದೆ.

ಈ ಕಾಯ್ದೆಯ 39ನೆಯ ಕಲಮಿನಲ್ಲಿ, ದೂರು ಸಾಬೀತಾದರೆ ಆಯೋಗವು ಯಾವ ಯಾವ ಆದೇಶ ನೀಡಬಹುದೆಂಬ ಪಟ್ಟಿಯಿದೆ. ದೋಷವನ್ನು ಸರಿಪಡಿಸಿಕೊಡುವುದು, ಬದಲಿ ವಸ್ತು ಕೊಡುವುದು, ಬೆಲೆಯನ್ನು ಹಿಂದಿರುಗಿಸುವುದು, ನಷ್ಟ ಪರಿಹಾರ ಕೊಡುವುದು, ಇವು ನೊಂದವನ ಋಣಕ್ಕೆ ಸಂಬಂಧಿಸಿದವು. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಅನುಚಿತ ವ್ಯಾಪಾರ ಪದ್ಧತಿಯನ್ನು ನಿಲ್ಲಿಸಿ ಮತ್ತೆ ಮಾಡದಿರುವುದು, ಅಪಾಯಕಾರಿ ವಸ್ತುವನ್ನು ಮಾರಾಟದಿಂದ ಹಿಂತೆಗೆಯುವುದು, ದಾರಿ ತಪ್ಪಿಸಿದ ಜಾಹೀರಾತಿಗೆ ಪ್ರತಿಯಾಗಿ ಸರಿಪಡಿಸುವ ಜಾಹೀರಾತನ್ನು ಸ್ವಂತ ಖರ್ಚಿನಲ್ಲಿ ಕೊಡುವುದು, ಇವೂ ಅದರಲ್ಲಿವೆ. ಇವೇ ಮೂರನೆಯ ಋಣ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2020ರ ಡಿಸೆಂಬರ್ 22ರಂದು ರಾಷ್ಟ್ರೀಯ ಗ್ರಾಹಕರ ಆಯೋಗವು ಬಿಗ್ ಬಜಾರ್ ಮಳಿಗೆಗಳ ಕೈಚೀಲದ ಪ್ರಕರಣದಲ್ಲಿ ತೀರ್ಪು ನೀಡಿತು. ಸಾಮಾನು ಆರಿಸಿ, ಹಣ ಕೊಡುವ ಕೌಂಟರಿಗೆ ಬಂದ ಮೇಲೆ, ಮುನ್ಸೂಚನೆಯಿಲ್ಲದೆ ಚೀಲಕ್ಕೆ ಬೇರೆ ಬೆಲೆ ಹಾಕಿದ್ದನ್ನು ಚಂಡೀಗಢದ ಕಡೆಯ ಕೆಲವು ಗ್ರಾಹಕರು ಪ್ರಶ್ನಿಸಿದ್ದರು. ಒಬ್ಬೊಬ್ಬರು ಕೊಟ್ಟಿದ್ದು ಕೆಲವೇ ರೂಪಾಯಿಗಳು. ಆಯೋಗವು ಅವರ ದೂರನ್ನು ಎತ್ತಿಹಿಡಿದುದಲ್ಲದೆ, ಆ ಪದ್ಧತಿಯನ್ನೇ ನಿಲ್ಲಿಸುವಂತೆ ಆದೇಶಿಸಿತು. ಆ ಆದೇಶದ ಬೆಲೆ ಲಕ್ಷಾಂತರ ಗ್ರಾಹಕರಿಗೆ ಸಂಬಂಧಿಸಿದ್ದು.

ನಮ್ಮ ಓದುಗರು ಮುಖ್ಯವಾಗಿ ನೆನಪಿಡಬೇಕಾದ ಇನ್ನೊಂದು ಅಂಶವಿದೆ. “ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಫಲಕವನ್ನು ಅನೇಕ ಅಂಗಡಿಗಳಲ್ಲಿ ಕಾಣುತ್ತೇವೆ. ಬಿಲ್ಲಿನ ಕೆಳಗೂ ಅಚ್ಚಾಗಿರುತ್ತದೆ. ಆದರೆ 2019ರ ಕಾಯ್ದೆಯಂತೆ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ವರ್ಗಕ್ಕೆ ಸೇರುತ್ತದೆ. ಗಮನಿಸಿ, ಇದು ದೋಷವಿರುವ ಸರಕಿನ ಮಾತು. ಕೊಂಡ ಸೀರೆಯ ಬಣ್ಣ ಮನೆಗೆ ಬಂದ ಮೇಲೆ ಹಿಡಿಸಲಿಲ್ಲವೆಂದರೆ ಅದು ಅಂಗಡಿಯವರ ಸೌಜನ್ಯಕ್ಕೆ ಬಿಟ್ಟದ್ದು.

ಕೇಳುವ ಮೊದಲೇ ಕೊಡುವ ಪರಿಹಾರ

ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಬಹುಕಾಲ ಕುಳಿತ ನಮಗೆ ದೂರಿನ ಇನ್ನೊಂದು ಮುಖವೂ ಗೊತ್ತು. ದೂರು ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಮಾತನಾಡಿ ಹೋದ ಗ್ರಾಹಕರು ಸಾಮಾನ್ಯವಾಗಿ ಮತ್ತೆ ಬರುತ್ತಾರೆ. ಏನೂ ಹೇಳದೆ, ನಗುತ್ತಲೇ ಖಾತೆ ಮುಚ್ಚಿ ಹೋದವರು ಬರುವುದಿಲ್ಲ. ಅವರು ಏಕೆ ಹೋದರೆಂದು ಶಾಖೆಗೆ ತಿಳಿಯುವುದೂ ಇಲ್ಲ. ಚಕ್ಕುಲಿ ಅಂಗಡಿಯ ಯಜಮಾನರು ಹೇಳಿದ್ದೂ ಇದನ್ನೇ.

ಈ ಕಾರಣದಿಂದಲೇ ರಿಸರ್ವ್ ಬ್ಯಾಂಕು ಒಂದು ಒಳ್ಳೆಯ ಪದ್ಧತಿಯನ್ನು ತಂದಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಎಟಿಎಮ್‌ನಲ್ಲಿ ಹಣ ಹೊರಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ, ವ್ಯವಹಾರದ ದಿನದಿಂದ 5 ದಿನಗಳೊಳಗೆ ಬ್ಯಾಂಕು ಅದನ್ನು ತಾನಾಗಿಯೇ ಖಾತೆಗೆ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದರಲ್ಲಿ ವಿಶೇಷವೆಂದರೆ, ಗ್ರಾಹಕನು ಅರ್ಜಿ ಕೊಡಲಿ ಬಿಡಲಿ, ಪರಿಹಾರ ಅವನ ಖಾತೆಗೆ ಸೇರಬೇಕು. ತಪ್ಪು ತನ್ನದೆಂದು ತಿಳಿದ ಮೇಲೆ ಗ್ರಾಹಕ ಬಂದು ಕೇಳಲೆಂದು ಕಾಯುವುದು ನ್ಯಾಯವಲ್ಲ ಎಂಬ ತತ್ತ್ವ ಇಲ್ಲಿದೆ. ದಿನವೂ 100 ರೂಪಾಯಿ ಏರುತ್ತ ಹೋಗುವುದರಿಂದ ದೋಷವನ್ನು ಬೇಗ ಸರಿಪಡಿಸುವ ಒತ್ತಡವೂ ಬ್ಯಾಂಕಿನ ಮೇಲೆಯೇ ಬೀಳುತ್ತದೆ. ಎರಡನೆಯ ಮತ್ತು ಮೂರನೆಯ ಋಣಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ ಏರ್ಪಾಡು ಇದು. ಬ್ಯಾಂಕಿನ ಉತ್ತರ 30 ದಿನಗಳಲ್ಲಿ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.

ದೂರುವುದು ಹೇಗೆ?

ಎರಡು ಮೂರು ತಲೆಮಾರುಗಳಿಂದ ಈ ಊರಿನಲ್ಲಿ ನೆಲೆಸಿದ್ದರೂ “ಪರಸ್ಥಳದಲ್ಲಿದ್ದೇವೆ, ತಂಟೆ ಬೇಡ” ಎಂಬ ಭಾವನೆ ನಮ್ಮ ಅನೇಕ ಕುಟುಂಬಗಳಲ್ಲಿ ಉಳಿದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಹೈದರಾಬಾದಿ ಹಿಂದಿ ಆಡುವ ನಾವು, ವಾದ ಮಾಡುವ ಸಂದರ್ಭ ಬಂದಾಗ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ತಡವರಿಸುತ್ತೇವೆ. ಆದ್ದರಿಂದ ಕೆಲವು ಸರಳ ಸೂಚನೆಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದಾಗಿ, ಬಿಲ್ಲನ್ನು ಕೇಳಿ ಪಡೆಯಿರಿ, ಒಂದು ತಿಂಗಳಾದರೂ ಜೋಪಾನವಾಗಿಡಿ. ಬಿಲ್ಲಿಲ್ಲದ ದೂರು ಹಲ್ಲಿಲ್ಲದ ಬಾಯಿಯಂತೆ. ದೋಷ ಕಂಡ ಕೂಡಲೇ ಚಿತ್ರ ತೆಗೆದಿಟ್ಟುಕೊಳ್ಳಿ. ಆಹಾರವಾದರೆ ಉಳಿದದ್ದನ್ನು ಎಸೆಯಬೇಡಿ.

ಎರಡನೆಯದಾಗಿ, ಮೊದಲು ಅಂಗಡಿಗೇ ಹೋಗಿ. ನೌಕರರೊಡನೆ ಜಗಳವಾಡದೆ ಯಜಮಾನರನ್ನೋ ವ್ಯವಸ್ಥಾಪಕರನ್ನೋ ಕಾಣಿರಿ. ಏನಾಯಿತು, ಎಂದಾಯಿತು, ನಿಮಗೆ ಏನು ಬೇಕು ಎಂಬ ಮೂರನ್ನು ಮಾತ್ರ ಹೇಳಿರಿ. ಹಣ ಬೇಕೋ ಬದಲಿ ವಸ್ತು ಬೇಕೋ ಎಂಬುದು ನಮಗೇ ಸ್ಪಷ್ಟವಿಲ್ಲದಿದ್ದರೆ ಎದುರಿನವರು ಏನು ಮಾಡಿಯಾರು? ಅದರ ಜೊತೆಗೆ, “ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ?” ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿರಿ.

ಮೂರನೆಯದಾಗಿ, ಅಲ್ಲಿ ಕೆಲಸವಾಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಗೆ ಕರೆ ಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅದು ದೂರು ಸ್ವೀಕರಿಸುತ್ತದೆ. ಭಾಷೆಯ ಸಂಕೋಚಕ್ಕೆ ಇಲ್ಲಿ ಕಾರಣವಿಲ್ಲ. ಇದು ನ್ಯಾಯಾಲಯವಲ್ಲ, ದಾವೆಗೆ ಹೋಗುವ ಮೊದಲೇ ವ್ಯಾಪಾರಿಯೊಡನೆ ವಿಷಯವನ್ನು ಎತ್ತಿ ಇತ್ಯರ್ಥ ಮಾಡಿಸುವ ಪ್ರಯತ್ನ.

ನಾಲ್ಕನೆಯದಾಗಿ, ಅದೂ ಫಲಿಸದಿದ್ದರೆ ಜಿಲ್ಲಾ ಆಯೋಗವಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಅಲ್ಲಿ ನಡೆಯುತ್ತವೆ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರನ್ನಿಡಲೇಬೇಕೆಂಬ ನಿಯಮವಿಲ್ಲ. 2019ರ ಕಾಯ್ದೆಯ ಒಂದು ಉಪಕಾರವೆಂದರೆ, ವಸ್ತುವನ್ನು ಎಲ್ಲಿ ಕೊಂಡಿದ್ದರೂ, ದೂರುದಾರನು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ರಜೆಗೆಂದು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದಾಗ ಕೊಂಡ ವಸ್ತುವಿನ ಬಗ್ಗೆ ಹೈದರಾಬಾದಿನಲ್ಲಿಯೇ ದೂರಬಹುದು. ಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯ ಮೂಲಕ ರಾಜಿ ಮಾಡಿಕೊಳ್ಳುವ ಅವಕಾಶವೂ ಈ ಕಾಯ್ದೆಯಲ್ಲಿದೆ. ಆಯೋಗದ ದಾರಿ ದೀರ್ಘವಾಗಬಹುದೆಂಬುದನ್ನೂ ಮರೆಮಾಚುವುದಿಲ್ಲ. ಅದಕ್ಕೆಂದೇ ಅದನ್ನು ಕೊನೆಯ ಮೆಟ್ಟಿಲೆಂದು ಹೇಳುತ್ತಿದ್ದೇವೆ.

ವ್ಯಾಪಾರಿಗಳಿಗೊಂದು ಮಾತು

ನಮ್ಮ ಸಮಾಜದಲ್ಲಿ ಹೋಟೆಲು, ಬೇಕರಿ, ಅಡುಗೆ ಗುತ್ತಿಗೆ, ಬಟ್ಟೆ ಅಂಗಡಿಗಳನ್ನು ನಡೆಸುವವರೂ ಇದ್ದಾರೆ. ದೂರು ಹೇಳಬಂದವನು ಜಗಳಕ್ಕೆ ಬಂದವನಲ್ಲ, ಇನ್ನೂ ನಂಬಿಕೆ ಉಳಿಸಿಕೊಂಡು ಬಂದವನು ಎಂಬುದನ್ನು ಅವರು ಗಮನಿಸಬೇಕು. ನಂಬಿಕೆ ಹೋದವನು ಬರುವುದೇ ಇಲ್ಲ.

ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ 1924ರಲ್ಲಿ ಆರಂಭವಾದ ಎಂ.ಟಿ.ಆರ್., ಗಿರಾಕಿಗಳು ಅಡುಗೆಮನೆಯನ್ನು ನೋಡಲು ಬಿಡುತ್ತಿದ್ದ ಹೋಟೆಲೆಂದು ಹೆಸರಾಗಿತ್ತು. ಇದರ ಹಿಂದಿನ ವಿವೇಕವನ್ನು ಸಣ್ಣ ಅಂಗಡಿಯೂ ಅನುಸರಿಸಬಹುದು. ಬಾಗಿಲು ತೆರೆದಿಟ್ಟ ಅಡುಗೆಮನೆಯಲ್ಲಿ ತಪ್ಪು ಬೇಗ ಕಾಣುತ್ತದೆ. ಬಂದ ದೂರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು, ಯಾವ ದಿನ ತಯಾರಾದ ಸರಕು ಯಾರಿಗೆ ಹೋಯಿತೆಂದು ಗುರುತಿಡುವುದು, ತಪ್ಪು ಹೇಳಿದ ನೌಕರನನ್ನು ಗದರಿಸದಿರುವುದು, ಇವಕ್ಕೆ ಖರ್ಚೇನೂ ಇಲ್ಲ. ತಪ್ಪು ಸಂಭವಿಸಿದಾಗ ನೌಕರನನ್ನು ಎಲ್ಲರೆದುರು ಬೈದು ಕಳುಹಿಸುವುದನ್ನು ಕೆಲವರು ಪ್ರಾಯಶ್ಚಿತ್ತವೆಂದು ತಿಳಿದಿದ್ದಾರೆ. ಅದು ತಪ್ಪನ್ನು ಬಡವನ ತಲೆಗೆ ಕಟ್ಟುವುದಷ್ಟೇ. ಆರ್ಡರಿಗೆ ಮಿತಿ ಹಾಕಬೇಕಾದವರು ಯಜಮಾನರು, ಬಾಣಲೆಯ ಮುಂದೆ ನಿಂತ ಹುಡುಗನಲ್ಲ.

ಗ್ರಾಹಕರ ಪಾಲಿನ ಋಣ

ಕೊನೆಯದಾಗಿ ನಮ್ಮ ಕಡೆಯ ಲೆಕ್ಕವನ್ನೂ ನೋಡಬೇಕು. ದೂರುವ ಹಕ್ಕು ಇದೆಯೆಂದು ಇಲ್ಲದ ದೋಷವನ್ನು ಹೇಳುವುದು, ಐದು ರೂಪಾಯಿಯ ತಪ್ಪಿಗೆ ಐವತ್ತು ಸಾವಿರ ಕೇಳುವುದು, ಊರೆಲ್ಲ ಡಂಗುರ ಸಾರಿದ ಮೇಲೆ ಅಂಗಡಿಯವನಿಗೆ ಹೇಳುವುದು, ಇವು ಸಲ್ಲದು. ಸಣ್ಣ ವ್ಯಾಪಾರಿಯ ಹತ್ತಾರು ವರ್ಷಗಳ ದುಡಿಮೆ ಒಂದು ಸುಳ್ಳು ಮಾತಿನಿಂದ ಮಣ್ಣುಪಾಲಾಗಬಹುದು.

ಇನ್ನೂ ಒಂದು ವಿಷಯವನ್ನು ನಾವು ಮರೆಯುತ್ತೇವೆ. ಅಂಗಡಿ ತಪ್ಪು ಮಾಡಿದ್ದನ್ನು ಹತ್ತು ಮನೆಗಳಿಗೆ ಹೇಳುವ ನಾವು, ಅದು ತಪ್ಪನ್ನು ತಿದ್ದಿಕೊಂಡದ್ದನ್ನು ಒಂದು ಮನೆಗೂ ಹೇಳುವುದಿಲ್ಲ. ತಿದ್ದಿಕೊಂಡವನಿಗೆ ಅದರ ಫಲ ಸಿಗದಿದ್ದರೆ ಮುಂದಿನವನು ತಿದ್ದಿಕೊಳ್ಳುವುದೇಕೆ? ದೂರನ್ನು ಹೇಳಿದ ಬಾಯಿಯೇ ಅದು ಪರಿಹಾರವಾದದ್ದನ್ನೂ ಹೇಳಬೇಕು. ಆಗ ಮಾತ್ರ ದೂರಿನ ಕೆಲಸ ಪೂರ್ತಿಯಾಗುತ್ತದೆ.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದಾರೆ. ಅನೇಕ ಕಡೆ ಅದು ನಿಜ. ಆದರೆ ಹಬ್ಬದ ದಿನ ಕಮಟು ವಾಸನೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಸುಮ್ಮನಿದ್ದಿದ್ದರೆ, ನಮ್ಮ ಆ ಮೌನದ ಬೆಲೆಯನ್ನು ನಾವು ಕಾಣದ ಇನ್ಯಾವುದೋ ಮನೆಯವರು ತೆರಬೇಕಾಗುತ್ತಿತ್ತು. ಮುಂದಿನ ಬಾರಿ ಇಂಥ ಸಂದರ್ಭ ಬಂದಾಗ, ಬಿಲ್ಲನ್ನು ಹುಡುಕಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಅಂಗಡಿಯವರೆಗೆ ಒಮ್ಮೆ ಹೋಗಿಬರಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.